ಹದಿನೈದು ದಿನದ ಅಮ್ಮಂದಿರು



ನಮ್ಮ ಅನುಕೂಲಸ್ಥ ಲಿಂಗಾಯತ ಮನೆಗಳಲ್ಲಿ ಈಚೆಗೆ ಅಲ್ಲಲ್ಲಿ ಒಂದು ಹೊಸ ಪದ್ಧತಿ ಕಾಣುತ್ತಿದೆ. ಕೊಪ್ಪ ತಾಲ್ಲೂಕಿನ ನಮ್ಮ ಬಾಳಗಡಿ ಕಡೆಯ ತೋಟದ ಮನೆಗಳವರೆಗೂ ಅದರ ಮಾತು ಬಂದಿದೆ. ಪದವಿ ಮುಗಿಸಿದ ಮಗನೋ ಮಗಳೋ ನೇಪಾಳಕ್ಕೋ ಕಾಂಬೋಡಿಯಕ್ಕೋ ಕೀನ್ಯಾಕ್ಕೋ ಎರಡು ವಾರ ಹೋಗಿ, ಅಲ್ಲಿನ ಅನಾಥಾಲಯದ ಪುಟ್ಟ ಮಕ್ಕಳಿಗೆ ಪಾಠ ಹೇಳಿ, ತುತ್ತು ತಿನ್ನಿಸಿ ಬರುವುದು. ಕಳಿಸುವ ಸಂಸ್ಥೆಗೆ ಶುಲ್ಕ ಕಟ್ಟಬೇಕು, ವಿಮಾನದ ಖರ್ಚು ಬೇರೆ. ಹಿಂದಿರುಗಿದ ಮೇಲೆ ನಾವು ಬಸವ ಜಯಂತಿಯ ವೇದಿಕೆಗೆ ಕರೆದು, ಶಾಲು ಹೊದಿಸಿ, ದಾಸೋಹ ಪರಂಪರೆಯ ಕುಡಿ ಎಂದು ಹೊಗಳುತ್ತೇವೆ. ಆ ಎಳೆಯರ ಮನಸ್ಸು ಒಳ್ಳೆಯದೇ. ತಪ್ಪು ಅವರದಲ್ಲ. ಅದನ್ನು ದಾಸೋಹವೆಂದು ಕರೆದ ನಮ್ಮದು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಜಂಗಮಕ್ಕೆ ಹೆಚ್ಚು ಬಡಿಸಬಹುದೆಂದು ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ದಾಸೋಹದ ಅಳತೆಗೋಲು ಕೊಡುವವನ ಉತ್ಸಾಹವಲ್ಲ, ಉಣ್ಣುವವರ ಹಸಿವು. ಕೊಡುವ ಆಸೆಯೂ ಒಂದು ಆಸೆಯೇ ಎಂದು ಆ ತಾಯಿ ಎಂಟುನೂರು ವರ್ಷಗಳ ಹಿಂದೆಯೇ ಕಂಡಿದ್ದಳು.

ಹಾಗಾದರೆ ಎರಡು ವಾರದ ಸೇವೆಯಲ್ಲಿ ಯಾರ ಹಸಿವು ತೀರುತ್ತದೆ? ಮೂರು ವರ್ಷದ ಮಗುವಿಗೆ ಬೇಕಾದದ್ದು ದಿನವೂ ಅದೇ ಮುಖ, ಅದೇ ದನಿ, ಅದೇ ಕೈ. ಜಾನ್ ಬೌಲ್ಬಿ ಎಂಬ ಮನೋವೈದ್ಯರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯಲ್ಲಿ ಇದನ್ನೇ ಹೇಳಿದರು. ಅದನ್ನು ತಿಳಿಯಲು ನಮ್ಮ ಅಜ್ಜಿಯರಿಗೆ ವರದಿ ಬೇಕಿರಲಿಲ್ಲ. ಹದಿನೈದು ದಿನಕ್ಕೊಬ್ಬ ಹೊಸ ಅಕ್ಕ ಬಂದು, ಅಪ್ಪಿ, ಫೋಟೊ ತೆಗೆಸಿಕೊಂಡು, ಅತ್ತು ಹೊರಟುಹೋದರೆ ಆ ಮಗು ಕಲಿಯುವ ಪಾಠ ಒಂದೇ: ನನ್ನನ್ನು ಪ್ರೀತಿಸುವವರು ಬಿಟ್ಟುಹೋಗುತ್ತಾರೆ.

ಇದಕ್ಕಿಂತ ಕೆಟ್ಟದ್ದೂ ಇದೆ. ಶುಲ್ಕ ಕಟ್ಟಿ ಬರುವವರು ಹೆಚ್ಚಿದಂತೆ ತೋರಿಸಲು ಅನಾಥರು ಬೇಕಾಗುತ್ತಾರೆ. ನೇಪಾಳ, ಕಾಂಬೋಡಿಯಗಳ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆ-ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದಾರೆ. ಓದಿಸುತ್ತೇವೆಂದು ನಂಬಿಸಿ ಬಡವರ ಮಕ್ಕಳನ್ನು ಮನೆಯಿಂದ ಎಬ್ಬಿಸಿ ತಂದ ಪ್ರಕರಣಗಳು ಬಯಲಿಗೆ ಬಂದಿವೆ. ಅನಾಥಾಲಯಗಳಲ್ಲಿನ ಇಂಥ ಸ್ವಯಂಸೇವೆ ಮಕ್ಕಳ ಸಾಗಣೆಗೂ ಶೋಷಣೆಗೂ ದಾರಿಯಾಗಬಹುದು, ಅದನ್ನು ತಡೆಯಿರಿ ಎಂದು 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ನಿರ್ಣಯ ಮಾಡಿತು. ನಮ್ಮ ವೇದಿಕೆಗಳಿಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ.

ಹೊರದೇಶಕ್ಕೆ ಹೋಗುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಿಟೆಲ್ 1853ರಲ್ಲಿ ಈ ನಾಡಿಗೆ ಬಂದರು. ಅವರ ಮತಪ್ರಚಾರವನ್ನು ನಾವು ಒಪ್ಪಬೇಕಿಲ್ಲ. ಆದರೆ ಅವರು ನಮ್ಮ ಮಾತು ಕಲಿತರು, ದಶಕಗಳ ಕಾಲ ದುಡಿದರು, 1894ರಲ್ಲಿ ನಿಘಂಟು ಕೊಟ್ಟರು. ಪರದೇಶಕ್ಕೆ ಹೋಗುವವನು ಹಾಗೆ ಹೋಗಲಿ. ಮಗುವಿನ ಭಾಷೆಯಲ್ಲಿ 'ಹೊಟ್ಟೆ ನೋಯುತ್ತಿದೆಯೇ' ಎಂದು ಕೇಳಲಾರದವನು ಅದರ ಗುರುವಾಗುವುದು ಹೇಗೆ?

ಇನ್ನು ನಮ್ಮ ಅಂಗಳಕ್ಕೆ ಬರೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಫಿ, ಅಡಿಕೆ ತೋಟಗಳ ಲೈನ್ ಮನೆಗಳಲ್ಲಿ ಉತ್ತರ ಕರ್ನಾಟಕದವರಿದ್ದಾರೆ, ಅಸ್ಸಾಮಿನಿಂದ ಬಂದವರಿದ್ದಾರೆ. ಹಣ್ಣು ಕೊಯ್ಲಿನ ದಿನಗಳಲ್ಲಿ ತಾಯಿ ಬೆಳಿಗ್ಗೆಯೇ ತೋಟಕ್ಕೆ ಇಳಿದರೆ ಕೂಸು ಮರದ ಕೊಂಬೆಗೆ ಕಟ್ಟಿದ ಜೋಲಿಯಲ್ಲಿ. ಇಲ್ಲವೇ ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ಆ ಅಕ್ಕನ ಶಾಲೆ ಅಲ್ಲಿಗೆ ನಿಂತಿತು. ಅಂಗನವಾಡಿಯಲ್ಲಿ ಕೂರುವುದು ಮೂರರಿಂದ ಆರು ವರ್ಷದವರು. ಅದಕ್ಕಿಂತ ಚಿಕ್ಕದಕ್ಕೆ ಸಿಗುವುದು ಮನೆಗೆ ಕೊಡುವ ಪೌಷ್ಟಿಕ ಆಹಾರ, ಹಗಲಿನ ಆಸರೆಯಲ್ಲ. ಸರ್ಕಾರ 2023ರಲ್ಲಿ ತಂದ ಕೂಸಿನ ಮನೆ ಯೋಜನೆ ಮುಖ್ಯವಾಗಿ ನರೇಗಾ ಕೂಲಿಯ ತಾಯಂದಿರನ್ನು ಕಣ್ಣಮುಂದಿಟ್ಟುಕೊಂಡದ್ದು. 1951ರ ತೋಟ ಕಾರ್ಮಿಕರ ಕಾಯ್ದೆ 50 ಹೆಣ್ಣಾಳುಗಳಿರುವ ತೋಟಕ್ಕೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತ್ತು. ನಮ್ಮ ಮಲೆನಾಡಿನ ಎಷ್ಟೋ ತೋಟಗಳು ಆ ಲೆಕ್ಕಕ್ಕೆ ಸಿಗದಷ್ಟು ಸಣ್ಣವು. ಕಾನೂನು ಹಿಡಿಯದ ಕಡೆ ಹಿಡಿಯಬೇಕಾದದ್ದು ಧರ್ಮ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ತೋಟದ ಯಜಮಾನನಿಗೆ 50ರ ಲೆಕ್ಕ ಏಕೆ ಬೇಕು? ಜೋಲಿಯಲ್ಲಿ ಅಳುವ ಒಂದು ಕೂಸು ಸಾಲದೇ?

ಮಠಗಳಿಗೂ ವಿನಯದಿಂದ ಒಂದು ಮಾತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1930ರಲ್ಲಿ ವಿರಕ್ತರಾದವರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಆ ಮಕ್ಕಳನ್ನು ಬಿಟ್ಟು ಹೋಗಲಿಲ್ಲ. ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಸೇವೆಯೆಂದರೆ ಉಳಿಯುವುದು ಎಂಬುದನ್ನು ಬದುಕಿ ತೋರಿಸಿದರು. ಅವರ ಹೆಸರು ಹೇಳುವ ನಾವು ಇಂಜಿನಿಯರಿಂಗ್ ಕಾಲೇಜು ಕಟ್ಟಿದ್ದೇವೆ, ವೈದ್ಯಕೀಯ ಕಾಲೇಜು ಕಟ್ಟಿದ್ದೇವೆ. ಶಿಶುಪಾಲನಾ ಕೇಂದ್ರ ಎಷ್ಟು ಕಟ್ಟಿದ್ದೇವೆ? ಮತ್ತೆ, ನಮ್ಮ ಉಚಿತ ಪ್ರಸಾದ ನಿಲಯಗಳಿಗೆ ಹುಟ್ಟುಹಬ್ಬದ ದಿನ ಕೇಕು ತಂದು, ಮಕ್ಕಳನ್ನು ಸಾಲಾಗಿ ಕೂರಿಸಿ ಫೋಟೊ ತೆಗೆಸುವ ದಾನಿಗಳನ್ನು ತಡೆಯದೆ ನೇಪಾಳದ ಅನಾಥಾಲಯವನ್ನು ಟೀಕಿಸುವ ಹಕ್ಕು ನಮಗಿಲ್ಲ. ಪ್ರಸಾದ ಉಣ್ಣುವ ಮಗು ಪ್ರದರ್ಶನದ ವಸ್ತುವಲ್ಲ, ಜಂಗಮ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಅಕ್ಕಪಕ್ಕದ ನಾಲ್ಕೈದು ತೋಟದವರು ಸೇರಿ ಒಂದು ಕೋಣೆ ಕೊಡಲಿ. ಲೈನ್ ಮನೆಯ ಹೆಂಗಸರಲ್ಲೇ ಒಬ್ಬರಿಗೆ ತರಬೇತಿ ಕೊಡಿಸಿ, ಕೊಯ್ಲಿನ ಕೂಲಿಗೆ ಕಡಿಮೆಯಾಗದ ಸಂಬಳ ಕೊಟ್ಟು ನೇಮಿಸಲಿ. ಗೌರವಧನವೆಂದು ಕೈಗಿಷ್ಟು ಹಾಕುವುದು ಬೇಡ. ಮಗು ನೋಡಿಕೊಳ್ಳುವುದೂ ಕಾಯಕವೇ, ಅದಕ್ಕೆ ಸಲ್ಲಬೇಕಾದ್ದು ಪೂರಾ ಸಲ್ಲಬೇಕು. ಹಾಲು, ರಾಗಿ, ಹೆಸರುಕಾಳು ಮಠದ ದಾಸೋಹ ಭಂಡಾರದಿಂದ ಬರಲಿ. ಸೇವೆಗೆಂದು ಹೊರಡುವ ಯುವಕರು ಜೂನಿನಿಂದ ಮಾರ್ಚಿಯವರೆಗೆ ಒಂದು ಪೂರ್ತಿ ಶಾಲಾ ವರ್ಷ ಇಲ್ಲಿರಲಿ. ಕೂಸುಗಳನ್ನು ಎತ್ತಿಕೊಳ್ಳಲು ಅಲ್ಲ, ಅದಕ್ಕೆ ಆ ತಾಯಿ ಇದ್ದಾಳೆ. ಮನೆಗೆ ಹಿಂತಿರುಗಿದ ಆ ಎಂಟು ವರ್ಷದ ಅಕ್ಕನನ್ನು ಮತ್ತೆ ಶಾಲೆಗೆ ಸೇರಿಸಲು, ಅವಳಿಗೆ ಕನ್ನಡ ಕಲಿಸಲು, ಅವಳ ಮಾತನ್ನು ತಾವು ಕಲಿಯಲು.

ಮುಂದಿನ ಬಸವ ಜಯಂತಿಗೆ ಶಾಲು ತರುವವರು ಅದನ್ನು ವೇದಿಕೆಗೆ ಒಯ್ಯದಿರಲಿ. ಬಾಳಗಡಿಯ ಲೈನ್ ಮನೆಗೆ ಒಯ್ಯಲಿ. ಮಳೆಗಾಲ ಹತ್ತಿರವಿರುತ್ತದೆ, ಕೂಸಿಗೆ ಹೊದಿಸಲು ಬೇಕಾಗುತ್ತದೆ.