ಕೀಲುವಾತದವರ ನಡಿಗೆ

ನಮ್ಮವರು ರೋಗಿಗೆ ತೋರಿಸುವ ಮೊದಲ ದಯೆಯೆಂದರೆ, "ನೀವು ಏಳಬೇಡಿ, ಕೂತಿರಿ" ಎನ್ನುವುದು. ನಾಲ್ಕು ದಿನದ ಜ್ವರಕ್ಕೆ ಇದು ಸರಿಯಾದೀತು. ಬದುಕಿನುದ್ದಕ್ಕೂ ಜೊತೆಗಿರುವ ಕೀಲುವಾತಕ್ಕೆ ಈ ದಯೆ ಅಪಕಾರವೇ ಆಗುತ್ತದೆಂಬುದು ನನ್ನ ಅಭಿಪ್ರಾಯ.

ವಯಸ್ಸಾದಂತೆ ಮಂಡಿ ಸವೆದು ಬರುವ ನೋವಿನ ಮಾತನ್ನು ನಾನು ಆಡುತ್ತಿಲ್ಲ. ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವ ವ್ಯಾಧಿ ಬೇರೆ. ೧೮೫೯ರಲ್ಲಿ ಆಲ್ಫ್ರೆಡ್ ಗ್ಯಾರಡ್ ಎಂಬ ಆಂಗ್ಲ ವೈದ್ಯನು ಅದಕ್ಕೆ ಆ ಹೆಸರನ್ನಿಟ್ಟನು. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಈ ಉರಿಯೂತವು ಕೀಲುಗಳಲ್ಲೇ ನಿಲ್ಲದೆ ರಕ್ತನಾಳಗಳನ್ನೂ ಕೆಡಿಸುವುದರಿಂದ, ಹೃದ್ರೋಗದ ಅಪಾಯ ಈ ರೋಗಿಗಳಿಗೆ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಎಂದು ತಜ್ಞರು ಲೆಕ್ಕ ಹಾಕುತ್ತಾರೆ.

ನನ್ನ ಸೋದರತ್ತೆಗೆ ಈ ರೋಗ ಬಂದು ಹನ್ನೆರಡು ವರ್ಷವಾಯಿತು. "ಬೆರಳು ತೋರಿಸಿ ಅಂತಾರೆ, ಗುಳಿಗೆ ಬರೀತಾರೆ. ಎದೆ ವಿಷಯ ಇಷ್ಟು ದಿನ ಯಾರೂ ಎತ್ತಲೇ ಇಲ್ಲವಲ್ಲೋ" ಎಂದು ಅವರು ಮೊನ್ನೆ ಕೇಳಿದರು. ನ್ಯಾಯವಾದ ಪ್ರಶ್ನೆ.

ಕೂತಿರುವುದಕ್ಕೂ ಹೃದಯಕ್ಕೂ ಇರುವ ಸಂಬಂಧ ಹೊಸದೇನಲ್ಲ. ೧೯೫೩ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಬರೆದರು. ಬಸ್ಸು ಒಂದೇ, ರಸ್ತೆ ಒಂದೇ. ಆದರೆ ದಿನವಿಡೀ ಕೂತೇ ಇರುವ ಚಾಲಕನಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರಿಗೆ ಹೃದ್ರೋಗ ಕಡಿಮೆ. ಹಾಗಾದರೆ, ಮೊದಲೇ ಅಪಾಯ ಹೆಚ್ಚಿರುವವರನ್ನು ನಾವು ಕುರ್ಚಿಗೆ ಕಟ್ಟಿಹಾಕುವುದು ಯಾವ ನ್ಯಾಯ?

ಕೀಲು ಹಾಳಾಗುತ್ತದಲ್ಲ ಎಂದು ನೀವು ಕೇಳಬಹುದು. ಹಿಂದೆ ವೈದ್ಯರೂ ಹಾಗೆಯೇ ತಿಳಿದು ಹಾಸಿಗೆಯ ವಿಶ್ರಾಂತಿಯನ್ನು ವಿಧಿಸುತ್ತಿದ್ದರು. ೨೦೦೩ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಪ್ರಯೋಗದಲ್ಲಿ ೩೦೯ ರೋಗಿಗಳಿದ್ದರು. ಅವರಲ್ಲಿ ಒಂದು ಗುಂಪಿನವರು ಎರಡು ವರ್ಷ ಕಾಲ, ವಾರಕ್ಕೆರಡು ಬಾರಿ, ಒಂದೂಕಾಲು ಗಂಟೆಯ ಹೊತ್ತು ಬಿರುಸಾದ ವ್ಯಾಯಾಮವನ್ನೇ ಮಾಡಿದರು. ರೋಗ ಉಲ್ಬಣಿಸಲಿಲ್ಲ, ಕೆಲಸ ಮಾಡುವ ಶಕ್ತಿ ಹೆಚ್ಚಿತು. ದೊಡ್ಡ ಕೀಲುಗಳು ಮೊದಲೇ ತೀರ ಕೆಟ್ಟಿದ್ದವರು ಮಾತ್ರ ಎಚ್ಚರದಿಂದಿರಬೇಕೆಂದು ಕಂಡುಬಂದಿತು.

ಇದನ್ನು ಓದಿ ಹೇಳಿದೊಡನೆ ನಮ್ಮತ್ತೆ ಎದ್ದು ನಡೆದರೆಂದು ಭಾವಿಸಬೇಡಿ. ಅವರನ್ನೂ, ಇದೇ ಕಾಯಿಲೆಯ ಬೇರೆ ಮೂವರು ಹೆಂಗಸರನ್ನೂ ಮಾತನಾಡಿಸಿದ ಮೇಲೆ ನನಗೆ ತಿಳಿದದ್ದಿಷ್ಟು: ಇವರಲ್ಲಿ ಯಾರೂ ಸೋಮಾರಿಗಳಲ್ಲ. "ವಾಕಿಂಗ್ ಮಾಡಿ" ಎಂದು ಎಲ್ಲರಿಗೂ ಹೇಳಿದ್ದಾರೆ. ಎಷ್ಟು, ಯಾವ ಹೊತ್ತು, ನೋವು ಬಂದರೆ ನಿಲ್ಲಿಸಬೇಕೇ ಬೇಡವೇ ಎಂಬುದನ್ನು ಒಬ್ಬರಿಗೂ ಬಿಡಿಸಿ ಹೇಳಿಲ್ಲ. ಗುಳಿಗೆಗಾದರೆ ಹೊತ್ತು, ಲೆಕ್ಕ ಎಲ್ಲವೂ ಉಂಟು. ನೋವು ಬಂದಿತೆಂದರೆ ಕೀಲು ಸವೆಯಿತೆಂದೇ ಅವರ ಭಯ. ಅದಕ್ಕಿಂತ ದೊಡ್ಡದು ಆಯಾಸ. "ಕೂತರೆ ಕೈಕಾಲು ಹಿಡ್ಕೊಳ್ಳುತ್ತೆ, ಎದ್ದರೆ ನೋಯುತ್ತೆ, ಸುಮ್ಮನಿದ್ದರೂ ಸುಸ್ತು" ಎಂದು ಒಬ್ಬರು ನಕ್ಕರು. ಇನ್ನೊಬ್ಬರಿಗೆ ಬೀದಿಯ ನಾಚಿಕೆ: ನಲವತ್ತಕ್ಕೇ ಕುಂಟುತ್ತಾಳೆ ಎಂದು ಯಾರಾದರೂ ಅಂದಾರು!

ಮನೆಗೆಲಸವೇ ವ್ಯಾಯಾಮವಲ್ಲವೇ ಎಂಬ ವಾದವನ್ನು ಗಂಡಸರೇ ಹೆಚ್ಚಾಗಿ ಹೂಡುತ್ತಾರೆ. ಬಟ್ಟೆ ಹಿಂಡುವುದು, ಕೊಡ ಎತ್ತುವುದು, ಹಿಟ್ಟು ನಾದುವುದು ಊದಿಕೊಂಡ ಬೆರಳು ಮಣಿಕಟ್ಟುಗಳಿಗೆ ಶಿಕ್ಷೆ. ಹೃದಯಕ್ಕೆ ಬೇಕಾದ ಇಪ್ಪತ್ತು ನಿಮಿಷದ ಒಂದೇ ಹದದ ನಡಿಗೆ ಅದರಲ್ಲೆಲ್ಲಿದೆ?

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ, ದೀರ್ಘರೋಗವುಳ್ಳವರಿಗೂ ಸೇರಿದಂತೆ, ವಾರಕ್ಕೆ ೧೫೦ ನಿಮಿಷದ ಸಾಧಾರಣ ಶ್ರಮವನ್ನು ಹೇಳಿದೆ. ಏನೂ ಇಲ್ಲದ್ದಕ್ಕಿಂತ ಸ್ವಲ್ಪವಾದರೂ ಮೇಲು ಎಂದೂ ಹೇಳಿದೆ. ಅತ್ತೆ ಏಳು ನಿಮಿಷದಿಂದ ಆರಂಭಿಸಿದರು. ಕೀಲು ಕೆಂಪಾಗಿ ಊದಿದ ದಿನ ಅದಕ್ಕೆ ಬಿಡುವು. ಎದೆನೋವೋ ಉಬ್ಬಸವೋ ಇರುವವರು ಮೊದಲು ವೈದ್ಯರನ್ನು ಕಾಣಲೇಬೇಕು.

ಇನ್ನು ನಮ್ಮ ಕಾಲೇಜಿನ ಮಾತು. ನಮ್ಮ ಮೈದಾನವನ್ನು ಬೆಳಗ್ಗೆ ಐದರಿಂದ ಏಳರವರೆಗೆ ಊರಿನವರಿಗೆ ಬಿಟ್ಟುಕೊಟ್ಟಿದ್ದೇವೆ; ಸಂತೋಷ. ಆದರೆ ಕೀಲುವಾತದವರಿಗೆ ಬೆಳಗಿನ ಹೊತ್ತೇ ವೈರಿ. ಎದ್ದ ಮೇಲೆ ಒಂದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು, ಕೀಲುಗಳು ಸಡಿಲವಾಗುವುದಿಲ್ಲ. ಅವರು ನಡೆಯಬಲ್ಲ ಸಂಜೆಯ ಹೊತ್ತಿಗೆ ಗೇಟು ಮುಚ್ಚಿರುತ್ತದೆ, ಒಳಗೆ ನಮ್ಮ ಕ್ರಿಕೆಟ್ಟು. ಹೊರಗಿನ ರಸ್ತೆಯಲ್ಲಿ ಲಾರಿ, ನಾಯಿ, ಕಿತ್ತ ಚಪ್ಪಡಿ. ಒಮ್ಮೆ ಎಡವಿದವರು ಮತ್ತೆ ಹೊರಡುವುದಿಲ್ಲ.

ಸಂಜೆ ನಾಲ್ಕೂವರೆಯಿಂದ ಐದೂವರೆಯವರೆಗೆ ಮೈದಾನದ ಸುತ್ತಣ ದಾರಿಯನ್ನಷ್ಟೇ ಇಂಥವರಿಗೆ ತೆರೆದಿಡಬೇಕೆಂದು ಪ್ರಾಂಶುಪಾಲರನ್ನೂ ದೈಹಿಕ ಶಿಕ್ಷಣ ವಿಭಾಗವನ್ನೂ ಕೇಳಿಕೊಳ್ಳುತ್ತೇನೆ. ಆಟ ನಿಲ್ಲಬೇಕಾಗಿಲ್ಲ, ಬೌಂಡರಿ ಗೆರೆಯನ್ನು ನಾಲ್ಕು ಮಾರು ಒಳಗೆಳೆದರೆ ಸಾಕು. ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರು ಸರದಿಯಂತೆ ಇಬ್ಬರು ಜೊತೆಗಿದ್ದರೆ ಬೀಳುವ ಭಯ ಕಡಿಮೆಯಾದೀತು. ಗ್ರಂಥಾಲಯದ ಹಿಂದೆ ಹಳೆಯ ಕಲ್ಲುಬೆಂಚುಗಳು ಆರು ಬಿದ್ದಿವೆ. ಅವನ್ನು ಐವತ್ತು ಹೆಜ್ಜೆಗೊಂದರಂತೆ ಇಡಬಹುದು, ಎತ್ತಲು ನಾವಿದ್ದೇವೆ.