ಪ್ರಳಯದ ದಿನಾಂಕವೂ ಮನೆಯ ಔಷಧಿ ಡಬ್ಬಿಯೂ

2020ರ ಮಾರ್ಚ್ ತಿಂಗಳ ಕೊನೆಯ ವಾರ. ಅರವತ್ತು ದಾಟಿದ ಮಹಿಳೆಯೊಬ್ಬರು ಮಗನೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಕೀಲುವಾತಕ್ಕಾಗಿ ಆರು ವರ್ಷಗಳಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಸೇವಿಸುತ್ತಿದ್ದವರು ಅವರು. “ಡಾಕ್ಟ್ರೇ, ಏಳು ಅಂಗಡಿ ತಿರುಗಿದೆವು. ಎಲ್ಲ ಕಡೆಯೂ ಖಾಲಿ ಅಂತಾರೆ. ನಾಳೆಗೆ ಒಂದೇ ಮಾತ್ರೆ ಉಳಿದಿರೋದು” ಎಂದರು. ಅದೇ ಸಂಜೆ ಪರಿಚಿತರೊಬ್ಬರು ಫೋನು ಮಾಡಿದರು. “ಸಾರ್, ಹತ್ತು ಪಟ್ಟಿ ತಂದಿಟ್ಟಿದ್ದೀನಿ. ಮನೆಮಂದಿಯೆಲ್ಲ ಯಾವಾಗಿಂದ ತಗೋಬೇಕು?” ಅವರು ತಂದಿಟ್ಟಿದ್ದು ಅದೇ ಮಾತ್ರೆ! ಅವರಿಗಾಗಲಿ ಮನೆಯವರಿಗಾಗಲಿ ಯಾವ ಕಾಯಿಲೆಯೂ ಇರಲಿಲ್ಲ. ಆದರೆ ಅರ್ಧ ಜಗತ್ತೇ ನಾಶವಾಗಲಿದೆ ಎಂಬ ಸಂದೇಶವೊಂದು ಅವರ ಮೊಬೈಲಿಗೆ ಬಂದಿತ್ತು. ಈ ಮಾತ್ರೆಯನ್ನು ಆರೋಗ್ಯ ಕಾರ್ಯಕರ್ತರು ಮುಂಜಾಗ್ರತೆಗೆ ಸೇವಿಸಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾರ್ಚ್ 23ರಂದು ಸೂಚಿಸಿದ್ದನ್ನು ಅವರು ತಮಗೂ ಅನ್ವಯಿಸಿಕೊಂಡಿದ್ದರು.

ಈ ಎರಡು ಮನೆಗಳ ನಡುವೆ ಇದ್ದದ್ದು ಹೆಚ್ಚೆಂದರೆ ಎರಡು ಬೀದಿ. ಒಂದು ಮನೆಯಲ್ಲಿ ಔಷಧಿ ಬೇಕಾದವರಿಗೆ ಔಷಧಿಯಿಲ್ಲ. ಇನ್ನೊಂದರಲ್ಲಿ ಬೇಡದವರ ಬೀರುವಿನಲ್ಲಿ ತಿಂಗಳುಗಟ್ಟಲೆ ದಾಸ್ತಾನು. ಪ್ರಳಯದ ಮಾತು ಎದ್ದಾಗಲೆಲ್ಲ ಆಗುವುದು ಇದೇ. ಇಂತಹ ಭವಿಷ್ಯವಾಣಿಗಳನ್ನು ನಾವು ಸಾಮಾನ್ಯವಾಗಿ ನಂಬಿಕೆಯ ಪ್ರಶ್ನೆಯೆಂದೋ ನಗೆಯ ವಸ್ತುವೆಂದೋ ನೋಡುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಆರೋಗ್ಯದ ಪ್ರಶ್ನೆಯೂ ಹೌದು.

ಹಳೆಯ ಕಥೆ, ಹೊಸ ವೇಷ

ಜಗತ್ತಿನ ಕೊನೆಗೆ ದಿನಾಂಕ ಗೊತ್ತುಮಾಡುವುದು ಹೊಸದೇನಲ್ಲ. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದರ ಬಾಲದಲ್ಲಿ ವಿಷಾನಿಲವಿದೆಯೆಂಬ ಸುದ್ದಿ ಹರಡಿತು. ಅಮೆರಿಕದಲ್ಲಿ ಜನ ಕಿಟಕಿ ಬಾಗಿಲುಗಳ ಸಂದುಗಳನ್ನು ಮುಚ್ಚಿದರು. ‘ಧೂಮಕೇತು ಗುಳಿಗೆ’ಗಳನ್ನು ಮಾರಿ ಹಣ ಮಾಡಿಕೊಂಡವರಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬಾಲ ಭೂಮಿಯನ್ನು ಹಾದುಹೋಯಿತು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ನಮ್ಮ ದೇಶದಲ್ಲಿ 1962ರ ಫೆಬ್ರವರಿ ಮೊದಲ ವಾರದ ಅಷ್ಟಗ್ರಹ ಕೂಟವನ್ನು ಹಿರಿಯರು ಮರೆತಿಲ್ಲ. ಮಕರ ರಾಶಿಯಲ್ಲಿ ಎಂಟು ಗ್ರಹಗಳು ಸೇರುತ್ತವೆ, ಅನಾಹುತ ತಪ್ಪದು ಎಂದು ಊರೂರುಗಳಲ್ಲಿ ಹೋಮ ಹವನಗಳಾದವು, ಪ್ರಯಾಣಗಳು ನಿಂತವು. 1979ರ ಜುಲೈ ತಿಂಗಳಲ್ಲಿ ಅಮೆರಿಕದ ಸ್ಕೈಲ್ಯಾಬ್ ಬೀಳುವ ಸುದ್ದಿ ಬಂತು. ಇದ್ದಷ್ಟು ದಿನ ಉಂಡುಬಿಡೋಣ ಎಂದು ಕೋಳಿ ಕುರಿ ಕೊಯ್ದ ಮನೆಗಳ ಕಥೆಯನ್ನು ಹಳ್ಳಿಗಳಲ್ಲಿ ಇಂದಿಗೂ ನಗುತ್ತ ಹೇಳುತ್ತಾರೆ. ಅದರ ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯದ ಬಯಲಿನಲ್ಲಿ.

2012ರ ಡಿಸೆಂಬರ್ 21ಕ್ಕೆ ಮಾಯಾ ಪಂಚಾಂಗ ಮುಗಿಯುತ್ತದೆ, ಮೂರು ದಿನ ಕತ್ತಲೆ ಕವಿಯುತ್ತದೆ ಎಂಬ ವದಂತಿಯಿಂದ ಚೀನಾದ ಕೆಲವು ಊರುಗಳಲ್ಲಿ ಮೇಣದಬತ್ತಿಗಳೇ ಸಿಗದಂತಾದವು. 2025ರ ಜುಲೈ ತಿಂಗಳಲ್ಲಿ ಜಪಾನಿಗೆ ಮಹಾವಿಪತ್ತು ಕಾದಿದೆಯೆಂದು ಚಿತ್ರಕಥೆಯ ಪುಸ್ತಕವೊಂದರ ಮಾತನ್ನು ನಂಬಿ ಹಾಂಗ್‌ಕಾಂಗಿನ ಅನೇಕ ಪ್ರವಾಸಿಗರು ಅಲ್ಲಿಗೆ ಹೋಗುವುದನ್ನೇ ಕೈಬಿಟ್ಟರು. ಹೇಳಿದ ದಿನ ಬಂತು, ಹೋಯಿತು.

ನಕ್ಕು ಸುಮ್ಮನಾಗಬಹುದೇ?

ಏನೂ ಆಗಲಿಲ್ಲವಲ್ಲ, ಮತ್ತೇಕೆ ಚಿಂತೆ ಎಂದು ಕೇಳಬಹುದು. ಆಕಾಶ ಕಳಚಿ ಬೀಳದಿರಬಹುದು. ಆದರೆ ಭೀತಿ ತನ್ನ ಕೆಲಸವನ್ನು ಮಾಡಿಯೇ ತೀರುತ್ತದೆ.

1994ರ ಸೆಪ್ಟೆಂಬರ್‌ನಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಸುದ್ದಿ ಹಬ್ಬಿದ್ದು ಅನೇಕರಿಗೆ ನೆನಪಿರಬೇಕು. ಕಾಯಿಲೆ ನಿಜವಾದದ್ದೇ. ಆದರೆ ಸುದ್ದಿ ಬೆಳೆದದ್ದು ಕಾಯಿಲೆಯನ್ನೂ ಮೀರಿ. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಸೂರತ್ತಿನಲ್ಲಿ ಮಾತ್ರವಲ್ಲ, ನೂರಾರು ಮೈಲಿ ದೂರದ ದೆಹಲಿಯಲ್ಲೂ ಟೆಟ್ರಾಸೈಕ್ಲಿನ್ ಔಷಧಿ ಅಂಗಡಿಗಳಿಂದ ಮಾಯವಾಯಿತು. ರೋಗಿಯ ಸಂಪರ್ಕವೇ ಇಲ್ಲದವರು ಅದನ್ನು ನುಂಗಿ ಪಡೆದ ಲಾಭವೇನು? ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಔಷಧಿ ಕೊಟ್ಟರೆ ಹಲ್ಲುಗಳು ಶಾಶ್ವತವಾಗಿ ಕಲೆಗಟ್ಟಬಹುದು, ಗರ್ಭಿಣಿಯರಿಗೆ ಸಲ್ಲದು, ಬೀರುವಿನಲ್ಲಿ ಹಳತಾದ ಟೆಟ್ರಾಸೈಕ್ಲಿನ್ ಮೂತ್ರಪಿಂಡಕ್ಕೆ ಅಪಾಯ. ಕಾಯಿಲೆಗೆ ಹೆದರಿ ಇನ್ನೊಂದು ಕಾಯಿಲೆಯನ್ನು ಕೊಂಡು ತರುವುದು ಎಂದರೆ ಇದೇ.

ಅಂದು ಕಾಲಿ ಮಾಡಿದ ಔಷಧಿ ಅಂಗಡಿಗಳು ಸೂರತ್ತನ್ನು ಬದಲಿಸಲಿಲ್ಲ. ಮರುವರ್ಷದಿಂದ ನಗರಸಭೆ ಪ್ರತಿದಿನ ಕಸ ಎತ್ತಿಸಿತು, ಚರಂಡಿಗಳನ್ನು ಸರಿಪಡಿಸಿತು, ಅಧಿಕಾರಿಗಳನ್ನು ಬೀದಿಗಿಳಿಸಿತು. ಆ ಊರು ದೇಶದ ಸ್ವಚ್ಛ ನಗರಗಳ ಸಾಲಿಗೆ ಸೇರಿತು. ನಿಜವಾದ ಸಿದ್ಧತೆಯೆಂದರೆ ಇಂತಹುದು.

ಇಲ್ಲದ ಅಭಾವ ಹುಟ್ಟುವ ಬಗೆ

ಒಂದು ಸಣ್ಣ ಲೆಕ್ಕ ನೋಡಿ. ನಿಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ನೂರು ಮನೆಯವರು ತಿಂಗಳಿಗೆ ಒಂದೊಂದು ಕಿಲೋ ಉಪ್ಪು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಮೂರು ನಾಲ್ಕು ಕಿಲೋ ಮಾರಾಟ. ಅಂಗಡಿಯವರು ಐವತ್ತು ಕಿಲೋ ಇಟ್ಟುಕೊಂಡರೂ ಎರಡು ವಾರಕ್ಕೆ ಧಾರಾಳ. ಅದೇ ನೂರು ಮನೆಯಲ್ಲಿ ಹತ್ತೇ ಮನೆಯವರು ಒಂದು ಸಂಜೆ ಐದೈದು ಕಿಲೋ ಒಯ್ದರೆ ಅಂಗಡಿ ಖಾಲಿ. ಹನ್ನೊಂದನೆಯವರು ಬಂದು ನೋಡುತ್ತಾರೆ, ಉಪ್ಪಿಲ್ಲ. ವದಂತಿ ನಿಜವಾಯಿತು! ಅವರು ಪಕ್ಕದ ಬೀದಿಗೆ ಓಡುತ್ತಾರೆ. 2016ರ ನವೆಂಬರ್‌ನಲ್ಲಿ ಉತ್ತರ ಭಾರತದ ಹಲವು ಊರುಗಳಲ್ಲಿ ಉಪ್ಪಿನ ವಿಷಯದಲ್ಲಿ ನಡೆದದ್ದು ಹೀಗೆಯೇ. ದೇಶದಲ್ಲಿ ಉಪ್ಪಿಗೆ ಕೊರತೆಯೇ ಇರಲಿಲ್ಲ.

ಉಪ್ಪಿಲ್ಲದೆ ಎರಡು ದಿನ ಸಾಗಬಹುದು. ಔಷಧಿಗಳ ಮಾತು ಬೇರೆ. ಮೂರ್ಛೆ ರೋಗದ ಮಾತ್ರೆ ಒಮ್ಮೆಲೇ ನಿಂತರೆ ಎಡೆಬಿಡದೆ ಫಿಟ್ಸ್ ಬರಬಹುದು. ಹೃದ್ರೋಗಕ್ಕೂ ರಕ್ತದೊತ್ತಡಕ್ಕೂ ಕೊಡುವ ಕೆಲವು ಮಾತ್ರೆಗಳನ್ನು ಹಠಾತ್ತನೆ ಬಿಟ್ಟರೆ ಎದೆನೋವು ಮರುಕಳಿಸಬಹುದು. ಇನ್ಸುಲಿನ್ನನ್ನೇ ನಂಬಿದ ಮಗುವಿಗೆ ಒಂದು ದಿನವೂ ದೊಡ್ಡದು. ಸಿರಿವಂತರ ಭೀತಿಯ ಬೆಲೆಯನ್ನು ತೆರುವವರು ಬಹುಪಾಲು ದಿನಗೂಲಿಯಿಂದ ವಾರಕ್ಕೊಮ್ಮೆ ಮಾತ್ರೆ ಕೊಳ್ಳುವ ಬಡವರು ಎಂಬುದನ್ನು ಮರೆಯಬಾರದು.

ತೋಳ ಬಂತು ತೋಳ

ಇನ್ನೊಂದು ಹಾನಿ ಕಣ್ಣಿಗೆ ಕಾಣುವಂಥದ್ದಲ್ಲ. ಹೇಳಿದ ದಿನ ಏನೂ ಆಗದೆ ಹೋದಾಗ ಜನ ಭವಿಷ್ಯವಾಣಿಯೊಂದಿಗೆ ಎಚ್ಚರಿಕೆಯನ್ನೂ ಎಸೆದುಬಿಡುತ್ತಾರೆ. ‘ಇದೆಲ್ಲ ಬರೀ ಪುಕಾರು’ ಎಂಬ ಭಾವನೆ ಬೇರೂರುತ್ತದೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯಂತೆ, ನಿಜವಾದ ಮುನ್ಸೂಚನೆಯೂ ಕಿವಿಗೆ ಬೀಳುವುದಿಲ್ಲ.

ನಿಜವಾದ ಆಪತ್ತುಗಳಾದರೋ ಯಾವ ಜ್ಯೋತಿಷಿಯ ದಿನಾಂಕಕ್ಕೂ ಕಾಯುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಲಾತೂರಿನ ಹಳ್ಳಿಗಳ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದು ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬರಕ್ಕೆ ಹೆಸರಾದ ಉತ್ತರ ಕರ್ನಾಟಕವೇ ನೆರೆಯಲ್ಲಿ ಮುಳುಗಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಜರಿದವು. ಇವುಗಳ ಹೆಸರಿನಲ್ಲಿ ಮುಂಚಿತವಾಗಿ ಯಾರೂ ಮೇಣದಬತ್ತಿ ಕೊಂಡಿರಲಿಲ್ಲ.

ಹಾಗಾದರೆ ಹವಾಮಾನ ಇಲಾಖೆಯವರು ಹೇಳುವುದೂ ಭವಿಷ್ಯವೇ ಅಲ್ಲವೇ ಎಂದು ವಾದಿಸುವವರಿದ್ದಾರೆ. ವ್ಯತ್ಯಾಸ ಸರಳ. ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಯಾವ ಜಿಲ್ಲೆಗೆ, ಎಷ್ಟು ದಿನಕ್ಕೆ ಎಂಬುದನ್ನು ತಿಳಿಸುತ್ತವೆ; ಪರಿಸ್ಥಿತಿ ಬದಲಾದರೆ ಹಿಂತೆಗೆದುಕೊಳ್ಳುತ್ತವೆ. ಪ್ರಳಯ ಸಾರುವವರು ದಿನಾಂಕವನ್ನು ಮುಂದೂಡುತ್ತಾರೆಯೇ ಹೊರತು ತಪ್ಪೊಪ್ಪಿಕೊಳ್ಳುವುದಿಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು. 2024ರ ಆಗಸ್ಟ್ 8ರಂದು ಜಪಾನಿನ ಹವಾಮಾನ ಸಂಸ್ಥೆ ದೊಡ್ಡ ಭೂಕಂಪದ ಸಾಧ್ಯತೆ ಎಂದಿಗಿಂತ ಹೆಚ್ಚಾಗಿದೆಯೆಂದು ಒಂದು ವಾರದ ಸೂಚನೆ ಹೊರಡಿಸಿದಾಗ ಅಲ್ಲಿಯೂ ನೀರು, ಅಕ್ಕಿಗೆ ಜನ ಮುಗಿಬಿದ್ದರು. ಸೂಚನೆ ಸರಿಯಾಗಿದ್ದರೂ ಕೊನೆ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಓಡಿದರೆ ಅಂಗಡಿ ತಡೆಯದು. ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸವೇ ಮೂಲ ತೊಂದರೆ.

ಅಜ್ಜಿಯರಿಂದ ಕಲಿಯೋಣ

ನಮ್ಮ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು. ಮಲೆನಾಡಿನಲ್ಲಿ ಬೇಸಿಗೆಯಲ್ಲೇ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಒಣ ಸೌದೆ ಒಟ್ಟಿಕೊಂಡು ಮಳೆಗಾಲಕ್ಕೆ ಅಣಿಯಾಗುತ್ತಿದ್ದರು. ಬಯಲುಸೀಮೆಯವರು ಸುಗ್ಗಿಯಲ್ಲಿ ಜೋಳವನ್ನು ಹಗೇವಿಗೆ ತುಂಬುತ್ತಿದ್ದರು. ಅದರಲ್ಲಿ ಭಯವಿರಲಿಲ್ಲ, ಅವಸರವಿರಲಿಲ್ಲ. ನೆರೆಮನೆಯವರ ಪಾಲನ್ನು ಕಸಿದುಕೊಂಡದ್ದೂ ಅಲ್ಲ. ಸಮೃದ್ಧಿಯ ಕಾಲದಲ್ಲಿ ಸ್ವಲ್ಪಸ್ವಲ್ಪವೇ ಕೂಡಿಡುವುದು ಸಂಗ್ರಹ. ಅಭಾವದ ಸುದ್ದಿ ಕೇಳಿ ಬಾಚಿಕೊಳ್ಳುವುದು ದಾಸ್ತಾನು. ಇವೆರಡನ್ನೂ ಒಂದೇ ಎಂದು ತಿಳಿಯಬೇಡಿ.

ಇಂದಿನ ಸಂಸಾರಗಳು ಮಾಡಿಟ್ಟುಕೊಳ್ಳಬೇಕಾದದ್ದು ಇಷ್ಟೇ:

* ನೀರು: ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನಕ್ಕಾಗುವಷ್ಟು. ನಾಲ್ವರ ಸಂಸಾರಕ್ಕೆ ಮೂರು ನಾಲ್ಕು ಕೊಡ. ಸೊಳ್ಳೆ ಮೊಟ್ಟೆಯಿಡದಂತೆ ಬಿಗಿಯಾಗಿ ಮುಚ್ಚಿಡಿ, ಆಗಾಗ ಬದಲಿಸಿ. ನೆರೆಯ ನಂತರದ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿಯೇ ಕುಡಿಯಿರಿ.

* ದಿನನಿತ್ಯದ ಔಷಧಿ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆ, ಆಸ್ತಮಾ, ಥೈರಾಯ್ಡ್ ಇರುವವರು ಎರಡು ವಾರದಷ್ಟು ಹೆಚ್ಚುವರಿ ಇಟ್ಟುಕೊಳ್ಳಿ. ಹೊಸತು ತಂದಾಗ ಹಳೆಯದನ್ನು ಮೊದಲು ಬಳಸಿ. ವೈದ್ಯರ ಚೀಟಿಯ ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ.

* ಇನ್ಸುಲಿನ್: ಬಳಸುತ್ತಿರುವ ಸೀಸೆಯನ್ನು ತಂಪಾದ ನೆರಳಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇಡಬಹುದು. ವಿದ್ಯುತ್ ಇಲ್ಲದಾಗ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆ ನೆರವಾಗುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಬಾರದು.

* ಭೇದಿಗೆ: ಜೀವಜಲದ ಪೊಟ್ಟಣಗಳು. ಅದಿಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಕೂಡದು.

* ಇತರೆ: ಟಾರ್ಚು, ಬ್ಯಾಟರಿ, ಗಾಯಕ್ಕೆ ಶುದ್ಧ ಬಟ್ಟೆ, ಜ್ವರದ ಮಾತ್ರೆ ಒಂದು ಪಟ್ಟಿ, ಒಲೆ ಹಚ್ಚದೆ ತಿನ್ನಬಹುದಾದ ಅವಲಕ್ಕಿ, ಬೆಲ್ಲ, ಕಡಲೆ. ತುರ್ತು ಸಂಖ್ಯೆ 112, ಆಂಬ್ಯುಲೆನ್ಸಿಗೆ 108 ಎಂಬುದನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಮನೆಯಲ್ಲಿ ಇಡಬಾರದ್ದೂ ಇವೆ. ಕ್ಯಾನುಗಟ್ಟಲೆ ಪೆಟ್ರೋಲ್, ಸೀಮೆಎಣ್ಣೆ ಕೂಡಿಟ್ಟು ಸುಟ್ಟುಕೊಂಡವರನ್ನೂ, ನೀರೆಂದು ಸೀಮೆಎಣ್ಣೆ ಕುಡಿದ ಕೂಸುಗಳನ್ನೂ ಆಸ್ಪತ್ರೆಗಳಲ್ಲಿ ಕಂಡಿದ್ದೇವೆ. ವೈದ್ಯರು ಬರೆದುಕೊಡದ ಆಂಟಿಬಯಾಟಿಕ್ ಮಾತ್ರೆಗಳಂತೂ ಬೇಡವೇ ಬೇಡ.

ಮನಸ್ಸಿನ ಆರೋಗ್ಯ

ಭಯವೆಂಬುದು ದೇಹದಲ್ಲೂ ಕೆಲಸ ಮಾಡುತ್ತದೆ. ಎದೆ ಢವಗುಟ್ಟುವುದು, ನಿದ್ರೆ ಕೆಡುವುದು, ಹೊಟ್ಟೆ ತೊಳೆಸುವುದು, ರಕ್ತದೊತ್ತಡ ಏರುವುದು ಇವೆಲ್ಲ ಅದರ ಫಲ. ಏನನ್ನಾದರೂ ಕೊಂಡು ತಂದಾಗ ಕ್ಷಣಕಾಲ ಸಮಾಧಾನವಾಗುತ್ತದೆ. ಆದ್ದರಿಂದಲೇ ಜನ ಮತ್ತೆ ಮತ್ತೆ ಅಂಗಡಿಗೆ ಹೋಗುತ್ತಾರೆ. ಮನೆಯಲ್ಲಿ ಅಗತ್ಯದ ಡಬ್ಬಿಯೊಂದು ಸಿದ್ಧವಾಗಿದ್ದರೆ ಆ ಓಟದ ಅವಶ್ಯಕತೆಯೇ ಬೀಳದು. ಮಕ್ಕಳ ಮುಂದೆ ಪ್ರಳಯದ ಮಾತನ್ನು ರಂಜಿಸಿ ಆಡಬೇಡಿ. ಅವರು ಕೇಳಿದರೆ ನಿಜವನ್ನು ಸಮಾಧಾನದಿಂದ ಹೇಳಿ. ಡಬ್ಬಿ ಜೋಡಿಸುವ ಕೆಲಸದಲ್ಲಿ ಅವರ ಕೈಯನ್ನೂ ಸೇರಿಸಿ. ಭಯ ವಾರಗಟ್ಟಲೆ ಬಿಡದೆ ಕಾಡಿದರೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ ಸಲಹೆ ಪಡೆಯಬಹುದು.

ಮೊದಲು ಹೇಳಿದ ಆ ಇಬ್ಬರ ಸಂಗತಿ ಏನಾಯಿತೆಂದು ಓದುಗರು ಕೇಳಬಹುದು. ನಾಲ್ಕು ದಿನ ಮಾತ್ರೆ ತಪ್ಪಿದರೆ ಗಾಬರಿ ಬೇಡ, ಆದರೆ ತಿಂಗಳುಗಟ್ಟಲೆ ತಪ್ಪಿದರೆ ಕೀಲುಗಳು ಮತ್ತೆ ಬಾಯುತ್ತವೆ ಎಂದು ಆ ತಾಯಿಗೆ ತಿಳಿಸಿದೆ. ಪರಿಚಿತರಿಗೆ, ನೀವು ತಂದಿಟ್ಟ ಔಷಧಿಗಾಗಿ ಪಕ್ಕದ ಬೀದಿಯವರೊಬ್ಬರು ಅಲೆಯುತ್ತಿದ್ದಾರೆ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಮರುದಿನ ಹತ್ತೂ ಪಟ್ಟಿಗಳನ್ನು ಬಿಲ್ಲಿನೊಡನೆ ಅಂಗಡಿಗೆ ಹಿಂತಿರುಗಿಸಿದರು. ಆ ತಾಯಿ ಚೀಟಿ ತೋರಿಸಿ ತಮಗೆ ಬೇಕಾದ ಎರಡೇ ಪಟ್ಟಿ ಕೊಂಡರು. “ಉಳಿದದ್ದು ಇನ್ಯಾರಿಗೋ ಬೇಕಿರುತ್ತಲ್ಲ ಡಾಕ್ಟ್ರೇ” ಎಂದರು. ಅಂದಿನಿಂದ ಅವರು ಮನೆಯಲ್ಲಿ ಎರಡು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತರುತ್ತಾರೆ.