ಸೆಮಿಫೈನಲ್ ಆಡಿದ ಕೀನ್ಯಾ ಎಲ್ಲಿ ಹೋಯಿತು?

ದಸರಾ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಅಟ್ಟ ಚೊಕ್ಕಟ ಮಾಡುವ ಕೆಲಸ ಶುರು. ಬೊಂಬೆಗಳ ಪೆಟ್ಟಿಗೆ ಕೆಳಗಿಳಿಸಬೇಕಲ್ಲ! ಈ ಸಲ ಪೆಟ್ಟಿಗೆಯ ಹಿಂದೆ ಅಡಗಿದ್ದ ನನ್ನ ಕ್ರಿಕೆಟ್ ಪುಸ್ತಕವೂ ಕೆಳಗೆ ಬಂತು. ಪುಸ್ತಕ ಅಂದರೆ ಅಂಗಡಿಯಲ್ಲಿ ಕೊಂಡದ್ದಲ್ಲ ಮಕ್ಕಳೇ. ದಿನಪತ್ರಿಕೆಯ ತುಣುಕುಗಳನ್ನು ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿದ ದಪ್ಪನೆಯ ನೋಟ್‌ಬುಕ್. ಅದರಲ್ಲಿ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರ ಚಿತ್ರಗಳೇ ಹೆಚ್ಚು.

ಏಳನೇ ತರಗತಿಯ ಮೊಮ್ಮಗ ಅದನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಕೂತ. ಮೂರನೇ ತರಗತಿಯ ಮೊಮ್ಮಗಳು ಅವನ ಭುಜದ ಮೇಲಿಂದ ಇಣುಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನು ಕೂಗಿದ.

“ತಾತ, ಇಲ್ಲಿ ತಪ್ಪು ಅಚ್ಚಾಗಿದೆ! ವಿಶ್ವಕಪ್ ಸೆಮಿಫೈನಲ್, ಭಾರತ–ಕೀನ್ಯಾ ಅಂತ ಹಾಕಿದ್ದಾರೆ.”

“ತಪ್ಪಲ್ಲ ಕಣೋ. 2003ರ ಮಾರ್ಚ್ 20. ದಕ್ಷಿಣ ಆಫ್ರಿಕಾದ ಡರ್ಬನ್ ಊರಲ್ಲಿ ಆಡಿದ ಪಂದ್ಯ ಅದು.”

“ಕೀನ್ಯಾ ಕ್ರಿಕೆಟ್ ಆಡುತ್ತಾ? ಹಾಗಾದರೆ ಈಗ ಎಲ್ಲಿ ಹೋಯ್ತು?”

ಒಳ್ಳೆಯ ಪ್ರಶ್ನೆ. ಬೊಂಬೆ ಒರೆಸುವ ಕೆಲಸ ನಿಮ್ಮ ಅಜ್ಜಿಯ ಪಾಲಿಗೆ ಬಿಟ್ಟು ನಾನೂ ಕಿಟಕಿಯ ಹತ್ತಿರ ಕೂತೆ. ಅವತ್ತು ಆ ಇಬ್ಬರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಕೀನ್ಯಾ ಆಫ್ರಿಕಾ ಖಂಡದ ಪೂರ್ವ ದಿಕ್ಕಿನಲ್ಲಿರುವ ದೇಶ. ರಾಜಧಾನಿ ನೈರೋಬಿ. ನಮ್ಮ ಹಾಗೆ ಅವರೂ ಬ್ರಿಟಿಷರ ಕೈಕೆಳಗೆ ಇದ್ದವರು. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸ ಬಂದರಿನಿಂದ ವಿಕ್ಟೋರಿಯಾ ಸರೋವರದ ದಡದವರೆಗೆ ರೈಲು ಹಳಿ ಹಾಕಿಸಿದರು. ಆ ಕೆಲಸಕ್ಕೆ ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಹಡಗಿನಲ್ಲಿ ಕರೆದೊಯ್ದರು. ಕೆಲಸ ಮುಗಿದ ಮೇಲೆ ಬಹಳ ಜನ ವಾಪಸು ಬಂದರು, ಕೆಲವರು ಅಲ್ಲೇ ಉಳಿದರು. ಆಮೇಲೆ ಗುಜರಾತಿನಿಂದ, ಪಂಜಾಬಿನಿಂದ ವ್ಯಾಪಾರಿಗಳೂ ಗುಮಾಸ್ತರೂ ಹೋಗಿ ನೆಲೆಸಿದರು. ಬ್ರಿಟಿಷರು ತಮ್ಮ ಕ್ಲಬ್ಬುಗಳಲ್ಲಿ ಕ್ರಿಕೆಟ್ ಆಡಿದರೆ, ಇವರು ತಮ್ಮವೇ ಕ್ಲಬ್ಬು ಕಟ್ಟಿಕೊಂಡು ಆಡಿದರು.

ಆ ಕಾಲದಲ್ಲಿ ಕೀನ್ಯಾಕ್ಕೆ ತನ್ನದೇ ವಿಶ್ವಕಪ್ ತಂಡ ಇರಲಿಲ್ಲ. 1975ರ ಮೊದಲ ವಿಶ್ವಕಪ್ಪಿಗೆ ಕೀನ್ಯಾ, ಉಗಾಂಡ, ಟಾಂಜಾನಿಯ, ಜಾಂಬಿಯ ಸೇರಿ ‘ಪೂರ್ವ ಆಫ್ರಿಕಾ’ ಎಂಬ ಒಂದೇ ತಂಡ ಕಳಿಸಿದವು. ಭಾರತ ಅವರನ್ನು 10 ವಿಕೆಟ್‌ಗಳಿಂದ ಸೋಲಿಸಿತು. ಬಿಷನ್ ಸಿಂಗ್ ಬೇಡಿ 12 ಓವರ್ ಹಾಕಿ ಕೊಟ್ಟದ್ದು ಬರೀ 6 ರನ್! ವಿಶ್ವಕಪ್ಪಿನಲ್ಲಿ ಭಾರತದ ಮೊಟ್ಟಮೊದಲ ಗೆಲುವು ಅದೇ. ಅಂದರೆ ನಾವೂ ಆಗ ಒಂದು ದಿನದ ಆಟದಲ್ಲಿ ಅಂಬೆಗಾಲು ಇಡುತ್ತಿದ್ದವರೇ.

“ಆಮೇಲೆ ಅವರು ಹೇಗೆ ಮೇಲೆ ಬಂದರು ತಾತ?”

ನಿಧಾನವಾಗಿ ಬಂದರು. 1981ರಲ್ಲಿ ಕೀನ್ಯಾ ಬೇರೆಯಾಗಿ ಐಸಿಸಿ ಸೇರಿತು. ಹಿಂದೆ ಭಾರತ ಮೂಲದವರೇ ಹೆಚ್ಚಾಗಿದ್ದ ತಂಡಕ್ಕೆ ಆಫ್ರಿಕಾದ ಹುಡುಗರು ಬಂದರು. ಬರುವಾಗ ಒಬ್ಬೊಬ್ಬರೇ ಬರಲಿಲ್ಲ, ಮನೆಮಂದಿಯೇ ಬಂದಂತೆ ಬಂದರು. ಟಿಕೋಲೊ ಮನೆಯ ಅಣ್ಣತಮ್ಮಂದಿರು, ಒಡುಂಬೆ ಮನೆಯವರು, ಸೂಜಿ ಮನೆಯವರು. ಒಬುಯಾ ಮನೆಯಿಂದಂತೂ ಮೂವರು ಅಣ್ಣತಮ್ಮಂದಿರು ದೇಶದ ಪರ ಆಡಿದರು. ಅಣ್ಣ ಬ್ಯಾಟ್ ಹಿಡಿದರೆ ತಮ್ಮನಿಗೂ ಆಸೆ ಹುಟ್ಟುತ್ತದಲ್ಲ!

1996ರಲ್ಲಿ ಕೀನ್ಯಾ ಮೊದಲ ಸಲ ಸ್ವಂತ ಹೆಸರಿನಲ್ಲಿ ವಿಶ್ವಕಪ್ ಆಡಿತು. ಮೊದಲ ಪಂದ್ಯ ಕಟಕ್‌ನಲ್ಲಿ, ಭಾರತದ ಮೇಲೆ. ನಮ್ಮ ಶ್ರೀನಾಥ್, ಅನಿಲ್ ಕುಂಬ್ಳೆ ಇಬ್ಬರೂ ಆಡಿದ್ದರು. ಸಚಿನ್ ತೆಂಡೂಲ್ಕರ್ ಶತಕ ಹೊಡೆದು ಭಾರತ ಸುಲಭವಾಗಿ ಗೆದ್ದಿತು. ಆದರೆ ಫೆಬ್ರವರಿ 29ರಂದು ಪುಣೆಯಲ್ಲಿ ನಡೆದದ್ದು ಯಾರೂ ಎಣಿಸದ ಸಂಗತಿ. ಕೀನ್ಯಾ 166 ರನ್ನಿಗೆ ಆಲೌಟ್ ಆಯಿತು. ಎದುರಿಗಿದ್ದದ್ದು ಬ್ರಯಾನ್ ಲಾರಾ ಅವರಂಥ ಆಟಗಾರರಿದ್ದ ವೆಸ್ಟ್ ಇಂಡೀಸ್. ಆ ದೊಡ್ಡ ತಂಡ 93 ರನ್ನಿಗೇ ಮಡಚಿಕೊಂಡಿತು! ನಾಲ್ಕು ವರ್ಷಕ್ಕೊಮ್ಮೆ ಬರುವ ಆ ತಾರೀಖು ಕ್ರಿಕೆಟ್ ನೋಡುವವರ ನೆನಪಿನಲ್ಲಿ ಹಾಗೇ ಉಳಿದುಬಿಟ್ಟಿತು.

ಭಾರತಕ್ಕೂ ಏಟು ಬಿತ್ತು. 1998ರಲ್ಲಿ ಗ್ವಾಲಿಯರ್‌ನಲ್ಲಿ, 2001ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ, ಹೀಗೆ ಎರಡು ಸಲ ಕೀನ್ಯಾ ನಮ್ಮನ್ನು ಸೋಲಿಸಿತು.

ಇನ್ನು 2003ರ ವಿಶ್ವಕಪ್. ಕೀನ್ಯಾಕ್ಕೆ ತರಬೇತಿ ಕೊಡುತ್ತಿದ್ದವರು 1983ರಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದ ಸಂದೀಪ್ ಪಾಟೀಲ್. ನಾಯಕ ಸ್ಟೀವ್ ಟಿಕೋಲೊ. ಎರಡು ಪಂದ್ಯ ಅವರ ಊರು ನೈರೋಬಿಯಲ್ಲೇ ಇದ್ದವು. ಭದ್ರತೆಯ ಭಯದಿಂದ ನ್ಯೂಜಿಲೆಂಡ್ ಅಲ್ಲಿಗೆ ಬರಲೇ ಇಲ್ಲ, ಹಾಗಾಗಿ ಆ ಪಂದ್ಯದ ಅಂಕ ಕೀನ್ಯಾಕ್ಕೆ ಸಿಕ್ಕಿತು. ಇದು ಅದೃಷ್ಟ, ಒಪ್ಪಿಕೊಳ್ಳೋಣ. ಆದರೆ ಫೆಬ್ರವರಿ 24ರಂದು ಶ್ರೀಲಂಕಾ ಬಂತಲ್ಲ, ಆ ಪಂದ್ಯವನ್ನು ಆಡಿಯೇ ಗೆದ್ದರು. ಲೆಗ್ ಸ್ಪಿನ್ ಹಾಕುತ್ತಿದ್ದ ಕಾಲಿನ್ಸ್ ಒಬುಯಾ 24 ರನ್ ಕೊಟ್ಟು 5 ವಿಕೆಟ್ ಕಿತ್ತ. ಮುಂದೆ ಬಾಂಗ್ಲಾದೇಶವನ್ನೂ ಜಿಂಬಾಬ್ವೆಯನ್ನೂ ಸೋಲಿಸಿ ಸೆಮಿಫೈನಲ್ಲಿಗೆ ಕಾಲಿಟ್ಟರು. ಟೆಸ್ಟ್ ಮಾನ್ಯತೆಯೇ ಇಲ್ಲದ ದೇಶವೊಂದು 50 ಓವರಿನ ವಿಶ್ವಕಪ್ಪಿನಲ್ಲಿ ಅಷ್ಟು ದೂರ ಬಂದದ್ದು ಅದೊಂದೇ ಸಲ.

ಸೆಮಿಫೈನಲ್ಲಿನಲ್ಲಿ ಸೌರವ್ ಗಂಗೂಲಿ ಶತಕ ಹೊಡೆದರು, ಭಾರತ 270 ಮಾಡಿತು. ಕೀನ್ಯಾ 179ಕ್ಕೆ ಆಲೌಟ್. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದದ್ದು ನನಗೆ ಈಗಲೂ ನೆನಪಿದೆ. ಆದರೆ ಟಿವಿ ಆರಿಸುವ ಮುಂಚೆ ಪಕ್ಕದ ಮನೆಯ ಮೇಷ್ಟ್ರು ಒಂದು ಮಾತು ಹೇಳಿದರು: “ಮುಂದಿನ ಸಲ ಇವರು ನಮಗೆ ಇನ್ನೂ ಕಷ್ಟ ಕೊಡ್ತಾರೆ ನೋಡಿ.” ನಾವೆಲ್ಲ ಹೌದು ಹೌದು ಅಂದೆವು.

ಆ ಮುಂದಿನ ಸಲ ಬರಲೇ ಇಲ್ಲ ಮಕ್ಕಳೇ.

“ಯಾಕೆ? ಅಷ್ಟು ಚೆನ್ನಾಗಿ ಆಡ್ತಿದ್ರಲ್ಲ?” ಮೊಮ್ಮಗನ ಮುಖ ಸಪ್ಪಗಾಯಿತು.

ನೋಟ್‌ಬುಕ್ಕಿನ ಇನ್ನೊಂದು ಹಾಳೆ ತೋರಿಸಿದೆ. ಅದೇ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾದ ಮೇಲೆ ಆಸಿಫ್ ಕರೀಂ ಎಂಬ ಸ್ಪಿನ್ನರ್ 8.2 ಓವರ್ ಹಾಕಿದರು. ಅದರಲ್ಲಿ 6 ಮೇಡನ್, ಕೊಟ್ಟದ್ದು 7 ರನ್, ತೆಗೆದದ್ದು 3 ವಿಕೆಟ್. ನಾಯಕ ರಿಕಿ ಪಾಂಟಿಂಗ್ ಕೂಡ ಔಟ್! ಕರೀಂ ಅವರಿಗೆ ಆಗ 39 ವರ್ಷ. ಆಟ ಬಿಟ್ಟು ಮನೆಯಲ್ಲಿದ್ದವರನ್ನು ಮತ್ತೆ ಕರೆತಂದಿದ್ದರು.

“ಸೂಪರ್ ತಾತ!” ಅಂದ ಅವನು.

“ಸೂಪರ್ ಹೌದು. ಆದರೆ ಯೋಚನೆ ಮಾಡು. ನಿವೃತ್ತರಾದವರನ್ನು ಮನೆಯಿಂದ ಕರೆಸಬೇಕಾಯಿತು ಅಂದರೆ, ಅವರ ಜಾಗಕ್ಕೆ ಬರಬೇಕಾದ ಹುಡುಗ ಎಲ್ಲಿದ್ದ?”

ಅವನು ಸುಮ್ಮನಾದ.

ಅದೇ ಹೊತ್ತಿಗೆ ಭಾರತದ ಕಡೆ ನೋಡಿ. 33 ವರ್ಷದ ಶ್ರೀನಾಥ್ ಅವರಿಗೆ ಅದು ನಾಲ್ಕನೆಯ ವಿಶ್ವಕಪ್. ಆಸ್ಟ್ರೇಲಿಯಾದ ಎದುರಿನ ಫೈನಲ್ಲೇ ಅವರ ಕೊನೆಯ ಏಕದಿನ ಪಂದ್ಯವಾಯಿತು. ಆದರೆ ಆ ತಂಡದಲ್ಲೇ ಜಹೀರ್ ಖಾನ್, ಆಶಿಶ್ ನೆಹ್ರಾ ತಯಾರಾಗಿದ್ದರು. ಆ ವರ್ಷ ಮುಗಿಯುವುದರೊಳಗೆ 19 ವರ್ಷದ ಇರ್ಫಾನ್ ಪಠಾಣ್ ಟೆಸ್ಟ್ ಆಡಿದ. ಶ್ರೀನಾಥ್ ಕೂಡ ಆಕಾಶದಿಂದ ಉದುರಿದವರಲ್ಲ. ಮೈಸೂರಿನ ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿ, ಇಲ್ಲಿನ ಮೈದಾನಗಳಲ್ಲಿ ಆಡಿ, ರಾಜ್ಯ ತಂಡ ಸೇರಿ, ಆಮೇಲೆ ದೇಶದ ತಂಡಕ್ಕೆ ಹೋದವರು. ಶಾಲೆ, ಕಾಲೇಜು, ಕ್ಲಬ್ಬು, ರಣಜಿ ಹೀಗೆ ಮೆಟ್ಟಿಲು ಇತ್ತು. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುತ್ತಿದ್ದರು.

ಕೀನ್ಯಾದಲ್ಲಿ ಆ ಮೆಟ್ಟಿಲು ಗಟ್ಟಿಯಿರಲಿಲ್ಲ. ಇದ್ದದ್ದು ಒಂದು ಒಳ್ಳೆಯ ತಲೆಮಾರು. ಆಟವೆಲ್ಲ ಹೆಚ್ಚಾಗಿ ನೈರೋಬಿಯ ಕೆಲವೇ ಕ್ಲಬ್ಬುಗಳಲ್ಲಿ ನಡೆಯುತ್ತಿತ್ತು. ಸೆಮಿಫೈನಲ್ ಆದ ಮೇಲೆ ಸಂಬಳದ ವಿಷಯಕ್ಕೆ ಆಟಗಾರರಿಗೂ ಆಡಳಿತದವರಿಗೂ ಜಗಳ ಹತ್ತಿತು. ಆಟಗಾರರು ಮುಷ್ಕರ ಹೂಡಿದರು. ಹಳೆಯ ಸಂಸ್ಥೆ ಮುರಿದು 2005ರಲ್ಲಿ ಹೊಸದು ಬಂತು. 2004ರಲ್ಲಿ ಒಬ್ಬ ಹಿರಿಯ ಆಟಗಾರನಿಗೆ ಬುಕ್ಕಿಗಳ ಸಂಪರ್ಕ ಇಟ್ಟುಕೊಂಡದ್ದಕ್ಕೆ 5 ವರ್ಷ ನಿಷೇಧವಾಯಿತು. ದೊಡ್ಡವರು ಜಗಳದಲ್ಲಿ ಮುಳುಗಿದ್ದಾಗ ಚಿಕ್ಕವರಿಗೆ ಆಟ ಕಲಿಸಲು ಯಾರಿಗೆ ಪುರುಸೊತ್ತು?

ಬಾಂಗ್ಲಾದೇಶದ ಕತೆ ಕೇಳಿ. 1997ರಲ್ಲಿ ಕೌಲಾಲಂಪುರದ ಐಸಿಸಿ ಟ್ರೋಫಿ ಫೈನಲ್ಲಿನಲ್ಲಿ ಈ ಎರಡೂ ದೇಶ ಎದುರಾಗಿದ್ದವು. ಸ್ಟೀವ್ ಟಿಕೋಲೊ 147 ಹೊಡೆದರೂ ಬಾಂಗ್ಲಾದೇಶ ಕೊನೆಯ ಚೆಂಡಿನಲ್ಲಿ ಗೆದ್ದಿತು. ಇಬ್ಬರ ನಡುವಿನ ಅಂತರ ಅಷ್ಟೇ ಇದ್ದದ್ದು. 2000ದಲ್ಲಿ ಬಾಂಗ್ಲಾದೇಶ ಟೆಸ್ಟ್ ಆಡಿತು. ಕೀನ್ಯಾಕ್ಕೆ ಆ ಮಾನ್ಯತೆ ಸಿಗಲಿಲ್ಲ. ದೊಡ್ಡ ತಂಡಗಳ ಜೊತೆ ಆಡುವ ಅವಕಾಶ ಕಡಿಮೆಯಾದರೆ ಹಣವೂ ಕಡಿಮೆ, ಕಲಿಕೆಯೂ ಕಡಿಮೆ. ತಪ್ಪೆಲ್ಲ ಕೀನ್ಯಾದವರದೇ ಎಂದು ಹೇಳುವುದು ನ್ಯಾಯವಲ್ಲ.

ಕೀನ್ಯಾ ಕೊನೆಯ ಸಲ ವಿಶ್ವಕಪ್ ಆಡಿದ್ದು 2011ರಲ್ಲಿ. ಎಲ್ಲ ಆರು ಪಂದ್ಯ ಸೋತರು. ಅದರಲ್ಲಿ ಒಂದು ಪಂದ್ಯ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮಾರ್ಚ್ 13ರಂದು, ಆಸ್ಟ್ರೇಲಿಯಾದ ಮೇಲೆ. ಆಸ್ಟ್ರೇಲಿಯಾ 324 ಮಾಡಿತ್ತು. ಕೀನ್ಯಾ ಬೇಗ ಮುಗಿಯುತ್ತದೆ ಎಂದುಕೊಂಡವರೇ ಹೆಚ್ಚು. ಆದರೆ ಒಬ್ಬ ನಿಂತು ಆಡಿದ, ಔಟಾಗದೆ 98 ರನ್. ಯಾರು ಗೊತ್ತೆ? ಅದೇ ಕಾಲಿನ್ಸ್ ಒಬುಯಾ! ಮಂಡಿಗೆ ಪೆಟ್ಟಾಗಿ ಲೆಗ್ ಸ್ಪಿನ್ನಿನ ಹಿಡಿತ ತಪ್ಪಿದ ಮೇಲೆ ಆತ ಬ್ಯಾಟಿಂಗ್ ಕಲಿತು ತಂಡದಲ್ಲಿ ಉಳಿದುಕೊಂಡಿದ್ದ. ಶತಕಕ್ಕೆ ಎರಡೇ ರನ್ ಬೇಕಿತ್ತು, ಓವರುಗಳು ಮುಗಿದುಹೋದವು. ಎಂಟು ವರ್ಷದ ಹಿಂದೆ ಮಿಂಚಿದವನೇ ಮತ್ತೆ ಬಂದು ಮಾನ ಉಳಿಸಬೇಕಾಯಿತು. 2014ರಲ್ಲಿ ಕೀನ್ಯಾ ಏಕದಿನ ಪಂದ್ಯಗಳ ಮಾನ್ಯತೆಯನ್ನೂ ಕಳೆದುಕೊಂಡಿತು.

ಈ ಕತೆಯಲ್ಲಿ ಇನ್ನೊಬ್ಬ ಕನ್ನಡಿಗರು ಬರುತ್ತಾರೆ. 1997ರಲ್ಲಿ ಭಾರತದ ಪರ ನಾಲ್ಕು ಟೆಸ್ಟ್ ಆಡಿದ, ಕರ್ನಾಟಕದ ವೇಗದ ಬೌಲರ್ ದೊಡ್ಡ ಗಣೇಶ್. 2024ರ ಆಗಸ್ಟ್‌ನಲ್ಲಿ ಅವರು ಕೀನ್ಯಾ ತಂಡದ ಮುಖ್ಯ ತರಬೇತುದಾರರಾದ ಸುದ್ದಿ ಬಂದಾಗ ನಮಗೆಲ್ಲ ಎಷ್ಟು ಖುಷಿ! ಆದರೆ ನೇಮಕ ನಿಯಮದಂತೆ ಆಗಿಲ್ಲ ಎಂದು ಅಲ್ಲಿನ ಮಂಡಳಿ ಸುಮಾರು ಒಂದೇ ತಿಂಗಳಲ್ಲಿ ಅದನ್ನು ರದ್ದು ಮಾಡಿತು. ಸಸಿ ನೆಟ್ಟು ಒಂದೇ ತಿಂಗಳಿಗೆ ಕಿತ್ತರೆ ಬೇರು ಬಿಡುವುದು ಹೇಗೆ?

ಹಾಗಂತ ಆ ಭಾಗದಲ್ಲಿ ಕ್ರಿಕೆಟ್ ಸತ್ತಿಲ್ಲ. ಪಕ್ಕದ ಉಗಾಂಡದಲ್ಲಿ ಶಾಲಾ ಮಕ್ಕಳ ಕ್ರಿಕೆಟ್ ಬಹಳ ವರ್ಷಗಳಿಂದ ನಡೆದು ಬಂದಿದೆ. ಅವರ 19 ವರ್ಷದೊಳಗಿನ ತಂಡ 2004, 2006, 2022ರಲ್ಲಿ ಕಿರಿಯರ ವಿಶ್ವಕಪ್ ಆಡಿತು. 2024ರಲ್ಲಿ ದೊಡ್ಡವರ ತಂಡ ಮೊದಲ ಸಲ ಟಿ20 ವಿಶ್ವಕಪ್ಪಿಗೆ ಬಂತು, ಪಪುವಾ ನ್ಯೂಗಿನಿಯನ್ನು ಸೋಲಿಸಿತು. ಆ ದಿನ 43 ವರ್ಷದ ಫ್ರಾಂಕ್ ನ್ಸುಬುಗ 4 ಓವರಿನಲ್ಲಿ ಕೊಟ್ಟದ್ದು 4 ರನ್! ರುವಾಂಡದ ಹುಡುಗಿಯರೂ ಕಡಿಮೆಯಿಲ್ಲ. 2023ರ 19 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆಯನ್ನೂ ವೆಸ್ಟ್ ಇಂಡೀಸನ್ನೂ ಸೋಲಿಸಿದರು.

“ಹುಡುಗಿಯರು!” ಮೊಮ್ಮಗಳು ಅಷ್ಟರಲ್ಲಿ ಬಾಯಿ ಹಾಕಿದಳು. “ನೋಡು ಅಣ್ಣ, ನೀನು ನನಗೆ ಬೌಲಿಂಗೇ ಕೊಡಲ್ಲ. ಬರೀ ಮೋರಿಯಿಂದ ಚೆಂಡು ತೆಗೆಸ್ತೀಯ.”

“ನೀನು ಚಿಕ್ಕವಳು. ವೈಡ್ ಹಾಕ್ತೀಯ. ನಾವು ಸೋತುಹೋಗ್ತೀವಿ.”

ನಾನು ಏನೂ ಹೇಳಲಿಲ್ಲ. ನೋಟ್‌ಬುಕ್ ಮುಚ್ಚಿ ಅವನ ಕೈಗೇ ಕೊಟ್ಟೆ. ಅಜ್ಜಿ ಒಳಗಿನಿಂದ, “ಕತೆ ಮುಗಿದಿದ್ದರೆ ಒಬ್ಬರು ಬಂದು ಪಟ್ಟದ ಬೊಂಬೆ ಹಿಡ್ಕೊಳ್ಳಿ” ಅಂದರು.

ಮಾರನೆಯ ಸಂಜೆ ಗೇಟಿನ ಹತ್ತಿರ ನಿಂತಿದ್ದೆ. ಬೀದಿಯಲ್ಲಿ ಎಂದಿನಂತೆ ಆಟ. ಮೊಮ್ಮಗಳ ಕೈಯಲ್ಲಿ ಟೆನಿಸ್ ಚೆಂಡು. ಅಣ್ಣ ಅವಳ ಬೆರಳುಗಳನ್ನು ಚೆಂಡಿನ ಮೇಲೆ ಸರಿಯಾಗಿ ಇಡುತ್ತಿದ್ದ. ಅವಳು ಓಡಿ ಬಂದು ಹಾಕಿದ ಮೊದಲ ಚೆಂಡು ಸೀದಾ ಎದುರುಮನೆಯ ದಾಸವಾಳದ ಗಿಡಕ್ಕೆ. ಗೆಳೆಯರೆಲ್ಲ “ವೈಡ್!” ಎಂದು ಕೂಗಿದರು.

ಇವನು ತಾನೇ ಹೋಗಿ ಚೆಂಡು ಹೆಕ್ಕಿ ತಂದು ಅವಳ ಕೈಗೆ ಕೊಟ್ಟ. “ಪರವಾಗಿಲ್ಲ, ಇನ್ನೊಂದು ಹಾಕು” ಅಂದ.

ಈ ವಾರದ ಮನೆಪಾಠ: ಅಟ್ಲಾಸ್ ತೆಗೆದು ಮೊಂಬಾಸದಿಂದ ನೈರೋಬಿ ದಾಟಿ ವಿಕ್ಟೋರಿಯಾ ಸರೋವರದವರೆಗೆ ಬೆರಳಾಡಿಸಿ. ಆಮೇಲೆ ಮನೆಯ ತಾತ, ಅಜ್ಜಿಯನ್ನು ಕೇಳಿ: ನಿಮಗೆ ಮೊದಲ ಸಲ ಚೆಂಡು ಕೊಟ್ಟು, ಆಟಕ್ಕೆ ಸೇರಿಸಿಕೊಂಡವರು ಯಾರು?